ಕೆಂಬಂಡೆ ಬೆಟ್ಟದ ಹೆಸರು, ಕೆಂಬಂಡೆ ಬೆಟ್ಟದ ಎತ್ತರ

ಕೇಳುಗರಿಗೆ ನಮಸ್ಕಾರ.

ವೇಲ್ಸ್ ದೇಶದ ವಾಯವ್ಯದಲ್ಲಿ, ನಾಂಟ್‌ಲೆ ಕಣಿವೆಯ ದಕ್ಷಿಣಕ್ಕೆ ಹಬ್ಬಿರುವ ಬೆಟ್ಟಸಾಲಿನ ಪಡುವಣ ತುದಿಯಲ್ಲಿ ಮನಿದ್ ಗ್ರೈಗ್ ಗೋಖ್ ಎಂಬ ಬೆಟ್ಟವೊಂದಿದೆ. ನಕಾಶೆಗಳಲ್ಲಿ ಬಹುಕಾಲ ಅದರ ಎತ್ತರ 609 ಮೀಟರ್ ಎಂದೇ ಅಚ್ಚಾಗುತ್ತಿತ್ತು. ಬ್ರಿಟನ್ನಿನ ಬೆಟ್ಟ ಹತ್ತುವವರು ಇಂದಿಗೂ ಅಡಿಗಳ ಲೆಕ್ಕವನ್ನು ಕೈಬಿಟ್ಟಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2000 ಅಡಿ ಮುಟ್ಟಿದ್ದನ್ನು ಪರ್ವತವೆಂದೂ, ಮುಟ್ಟದ್ದನ್ನು ಗುಡ್ಡವೆಂದೂ ಎಣಿಸುವುದು ಅವರಲ್ಲಿ ರೂಢಿ. 2000 ಅಡಿ ಎಂದರೆ 609.6 ಮೀಟರ್. ಆದ್ದರಿಂದ ನಕಾಶೆಯ ಪ್ರಕಾರ ಈ ಬೆಟ್ಟ ಗೆರೆಯ ಕೆಳಗೆ ಉಳಿದಿತ್ತು. 2008ರಲ್ಲಿ ಮೂವರು ಹವ್ಯಾಸಿ ಅಳತೆಗಾರರು ತಮ್ಮ ಬಿಡುವಿನ ವೇಳೆಯಲ್ಲಿ ಉಪಕರಣಗಳನ್ನು ಹೊತ್ತುಕೊಂಡು ಮೇಲೇರಿ ಅಳೆದಾಗ ಸಿಕ್ಕಿದ ಎತ್ತರ 609.75 ಮೀಟರ್. ಗೆರೆಗಿಂತ ಅದು ಮೇಲಿದ್ದದ್ದು ಒಂದು ಗೇಣಿಗೂ ಕಡಿಮೆ, ಸುಮಾರು ಆರು ಅಂಗುಲ. ಅಷ್ಟರಿಂದಲೇ ಅದು ಪರ್ವತಗಳ ಪಟ್ಟಿಗೆ ಸೇರಿತು.

ಆರು ಅಂಗುಲದ ಸುದ್ದಿ ಪತ್ರಿಕೆಗಳಲ್ಲಿ ಬಂದು ಹೋಯಿತು. ನನ್ನನ್ನು ಈ ಬೆಟ್ಟದ ಕಡೆಗೆ ಸೆಳೆದದ್ದು ಆ ಸುದ್ದಿಯಷ್ಟೇ ಅಲ್ಲ, ಅದರ ಹೆಸರು. ವೇಲ್ಸ್ ಭಾಷೆಯಲ್ಲಿ ಮನಿದ್ ಎಂದರೆ ಬೆಟ್ಟ, ಕ್ರೈಗ್ ಎಂದರೆ ಬಂಡೆ, ಕೋಖ್ ಎಂದರೆ ಕೆಂಪು. ಹೆಸರನ್ನು ಕನ್ನಡದಲ್ಲಿ ಹೇಳಿದರೆ ಕೆಂಬಂಡೆ ಬೆಟ್ಟ. ಆದರೆ ಹೆಸರಿನೊಳಗೆ ಕ್ರೈಗ್ ಎಂಬುದು ಗ್ರೈಗ್ ಆಗಿದೆ, ಕೋಖ್ ಎಂಬುದು ಗೋಖ್ ಆಗಿದೆ. ಈ ಬದಲಾವಣೆಯನ್ನು ಕಂಡ ಕನ್ನಡಿಗರಿಗೆ ಶಾಲೆಯಲ್ಲಿ ಓದಿದ ಆದೇಶ ಸಂಧಿ ನೆನಪಾಗದೆ ಇರದು. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ ಆಗುವಂತೆ, ವೇಲ್ಸ್ ಭಾಷೆಯಲ್ಲಿಯೂ ಪದದ ಮೊದಲ ಕ, ತ, ಪಗಳು ಗೊತ್ತಾದ ಸಂದರ್ಭಗಳಲ್ಲಿ ಗ, ದ, ಬಗಳಾಗುತ್ತವೆ. ಇನ್ನೂ ಅಚ್ಚರಿಯೆಂದರೆ, ನಮ್ಮಲ್ಲಿ ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆಗುವಂತೆಯೇ ಅಲ್ಲಿಯೂ ಮಕಾರ ವಕಾರವಾಗುತ್ತದೆ. ಮೊಯ್ಲ್ ಎಂದರೆ ಬೋಳುಗುಡ್ಡ. ಅದರ ಹಿಂದೆ ನಿರ್ದೇಶಕ ಪದವೊಂದು ಬಂದರೆ ಅದೇ ವೊಯ್ಲ್ ಎನಿಸಿಕೊಳ್ಳುತ್ತದೆ. ಎರಡು ಭಾಷೆಗಳಿಗೂ ಯಾವ ನಂಟೂ ಇಲ್ಲ, ನಿಯಮಗಳೂ ಒಂದೇ ಅಲ್ಲ. ನಮ್ಮಲ್ಲಿ ಇದು ಸಮಾಸದೊಳಗೆ ನಡೆಯುವ ಸಂಧಿ. ಅಲ್ಲಿ ಬಿಡಿಯಾಗಿ ನಿಂತ ಪದದ ಮೊದಲ ಅಕ್ಷರವೇ ಲಿಂಗಕ್ಕೆ, ವ್ಯಾಕರಣಕ್ಕೆ ತಕ್ಕಂತೆ ಬದಲಾಗುತ್ತದೆ. ಬಂಡೆ ಎಂಬ ಪದ ಅಲ್ಲಿ ಸ್ತ್ರೀಲಿಂಗವಾದ್ದರಿಂದ ಅದರ ಮುಂದಿನ ಕೆಂಪು ಕೂಡ ಮೆತ್ತಗಾಯಿತು. ಆದರೂ ಬಾಯಿಗೆ ಮೆದುವಾದದ್ದನ್ನು ಆರಿಸಿಕೊಳ್ಳುವ ಆ ಒಲವನ್ನು ಕನ್ನಡದ ಕಿವಿ ಥಟ್ಟನೆ ಗುರುತಿಸಬಲ್ಲದು.

ಬೆಟ್ಟದ ಹೆಸರನ್ನು ಸಂಶೋಧಿಸುವವರಿಗೆ ಈ ವ್ಯಾಕರಣ ತಿಳಿಯದಿದ್ದರೆ ಕೆಲಸ ಸಾಗುವುದಿಲ್ಲ. ಹಳೆಯ ದಾಖಲೆಯೊಂದರಲ್ಲಿ ವೊಯ್ಲ್ ಎಂದಿರುವುದನ್ನೂ ಇನ್ನೊಂದರಲ್ಲಿ ಮೊಯ್ಲ್ ಎಂದಿರುವುದನ್ನೂ ಎರಡು ಬೇರೆ ಹೆಸರುಗಳೆಂದು ಎಣಿಸುವುದು, ಮಳೆಗಾಲದಲ್ಲಿರುವ ಗಾಲ ಎಂಬ ಪದವನ್ನು ನಿಘಂಟಿನ ಗಕಾರದಲ್ಲಿ ಹುಡುಕಿದಂತೆ. ವೇಲ್ಸ್‌ನ ಅತ್ಯುನ್ನತ ಶಿಖರವನ್ನೇ ನೋಡಿ. 1085 ಮೀಟರ್ ಎತ್ತರದ ಆ ಶಿಖರವನ್ನು ಹೊರಗಿನವರು ಸ್ನೋಡನ್ ಎಂದು ಕರೆದರು. ನಾಡಿನವರ ಬಾಯಲ್ಲಿ ಅದು ಅರ್ ವಿದ್ವ. ಮೂಲ ಪದ ಗ್ವಿದ್ವ, ಅಂದರೆ ಸಮಾಧಿಯ ದಿಬ್ಬ. ನಿರ್ದೇಶಕ ಪದ ಹಿಂದೆ ಬಂದಾಗ ಗಕಾರ ಪೂರ್ತಿ ಬಿದ್ದುಹೋಗುತ್ತದೆ. ರಾಜರ ಗಡ್ಡಗಳನ್ನು ಕಿತ್ತು ಹೊದಿಕೆ ಹೊಲಿಸಿಕೊಳ್ಳುತ್ತಿದ್ದ ರೀಟ ಎಂಬ ದೈತ್ಯನನ್ನು ಆರ್ಥರ್ ದೊರೆ ಕೊಂದು ಅಲ್ಲಿ ಹೂತನೆಂಬುದು ಐತಿಹ್ಯ. ಆ ಪ್ರದೇಶದ ರಾಷ್ಟ್ರೀಯ ಉದ್ಯಾನದ ಪ್ರಾಧಿಕಾರ 2022ರ ನವೆಂಬರ್‌ನಲ್ಲಿ ಶಿಖರಕ್ಕೆ ಅರ್ ವಿದ್ವ ಎಂಬ ಹೆಸರನ್ನೂ ಸುತ್ತಣ ಸೀಮೆಗೆ ಎರರಿ ಎಂಬ ಹೆಸರನ್ನೂ ಬಳಸಲು ನಿರ್ಧರಿಸಿತು. ಮರುವರ್ಷ ದಕ್ಷಿಣದ ಬ್ರೆಕನ್ ಬೀಕನ್ಸ್ ಉದ್ಯಾನವೂ ಬನ್ನೈ ಬ್ರಖೈನ್ಯೋಗ್ ಎಂಬ ತನ್ನ ವೇಲ್ಸ್ ಹೆಸರಿಗೆ ಮರಳಿತು. ಹೊಸ ಹೆಸರಿಟ್ಟರೆಂದು ಆಕ್ಷೇಪಿಸಿದವರಿದ್ದರು. ಆದರೆ ಇವು ಹೊಸ ಹೆಸರುಗಳಲ್ಲ, ನಾಡಿನ ಬಾಯಲ್ಲಿ ಉದ್ದಕ್ಕೂ ಇದ್ದವು.

ಹೆಸರುಗಳು ಕಾಗದದ ಮೇಲೆ ಹೇಗೆ ತಪ್ಪಿಹೋದವು ಎಂಬುದನ್ನು ಅರಿಯಲು ನಕಾಶೆ ತಯಾರಾದ ಬಗೆಯನ್ನು ತಿಳಿಯಬೇಕು. ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆ 1791ರಲ್ಲಿ ಸೇನೆಯ ಅಗತ್ಯಕ್ಕಾಗಿ ಹುಟ್ಟಿಕೊಂಡದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸ್‌ನ ಬೆಟ್ಟಗಳಿಗೆ ಬಂದ ಅದರ ಅಳತೆಗಾರರಲ್ಲಿ ಹೆಚ್ಚಿನವರಿಗೆ ಅಲ್ಲಿಯ ಭಾಷೆ ಬರುತ್ತಿರಲಿಲ್ಲ. ಕೇಳಿಸಿದ್ದನ್ನು ಕೇಳಿಸಿದಂತೆ ಬರೆದುಕೊಂಡು, ಕಾಗುಣಿತಕ್ಕಾಗಿ ಜಮೀನುದಾರರು, ಪಾದ್ರಿಗಳು ಮುಂತಾದ ಪ್ರತಿಷ್ಠಿತರ ಒಪ್ಪಿಗೆ ಪಡೆಯುವುದು ಪದ್ಧತಿಯಾಗಿತ್ತು. ಬೆಟ್ಟದ ಮೇಲೆ ದಿನವೂ ಓಡಾಡುತ್ತಿದ್ದ ಕುರುಬನ ಮಾತಿಗೆ ಆ ಲೆಕ್ಕದಲ್ಲಿ ತೂಕ ಕಡಿಮೆ. ಯಾರು ಯಾವ ಹೆಸರನ್ನು ಹೇಳಿದರೆಂದು ದಾಖಲಿಸಿದ್ದ ಹೆಸರಿನ ಪುಸ್ತಕಗಳಿದ್ದವು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೇರಿದ ಅಂಥ ಪುಸ್ತಕಗಳಲ್ಲಿ ಬಹುಪಾಲು ಎರಡನೆಯ ಮಹಾಯುದ್ಧದ ವೇಳೆ ಸೌತಾಂಪ್ಟನ್ ನಗರದ ಮೇಲೆ ಬಿದ್ದ ಬಾಂಬುಗಳಿಗೆ ಸುಟ್ಟುಹೋದವು. ಆ ನಷ್ಟವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಉಳಿದ ಆಧಾರಗಳಲ್ಲಿ ದೊಡ್ಡದು ದಶಾಂಶ ತೆರಿಗೆಯ ನಕಾಶೆಗಳು. ಫಸಲಿನ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಧಾನ್ಯರೂಪದಲ್ಲಿ ಕೊಡುವ ಪದ್ಧತಿಯನ್ನು ಹಣಕ್ಕೆ ಬದಲಿಸಲು 1836ರಲ್ಲಿ ಬ್ರಿಟಿಷ್ ಸಂಸತ್ತು ಕಾಯಿದೆ ಮಾಡಿದಾಗ, ಪ್ಯಾರಿಷ್ ಎಂಬ ಒಂದೊಂದು ಚರ್ಚಿನ ವ್ಯಾಪ್ತಿಯ ಹೊಲಗಳನ್ನೆಲ್ಲ ಅಳೆದು, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಒಡೆಯನ ಹೆಸರು, ಉಳುವವನ ಹೆಸರು, ಎಷ್ಟೋ ಕಡೆ ಹೊಲದ ಹೆಸರು ಇವನ್ನೆಲ್ಲ ಪಟ್ಟಿಮಾಡಿದರು. ವೇಲ್ಸ್‌ನ ಈ ನಕಾಶೆಗಳು ಈಗ ಅಬೆರಿಸ್ಟ್‌ವಿತ್ ಪಟ್ಟಣದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಬೆಟ್ಟದ ನೆತ್ತಿಯನ್ನು ಹುಡುಕುವವರಿಗೆ ಇಲ್ಲೊಂದು ತೊಡಕಿದೆ. ತೆರಿಗೆ ಹುಟ್ಟುವುದು ಹೊಲದಲ್ಲಿಯೇ ಹೊರತು ಬರಿ ಹುಲ್ಲಿನ ನೆತ್ತಿಯಲ್ಲಲ್ಲ. ಹೀಗಾಗಿ ಬೇಲಿಯಿಲ್ಲದ ಎತ್ತರದ ನೆಲವನ್ನು ಆ ಪಟ್ಟಿಗಳು ಎಷ್ಟೋ ಸಲ ಬೆಟ್ಟ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ತಪ್ಪಲಿನಲ್ಲಿ ಕಲ್ಲುಗೋಡೆ ಕಟ್ಟಿದ ಫ್ರಿದ್ ಎಂಬ ಹುಲ್ಲುಗಾವಲುಗಳ ಹೆಸರು ಸಿಗುತ್ತದೆ. ಅದನ್ನು ಹಿಡಿದುಕೊಂಡು ಮೇಲಿನದನ್ನು ಊಹಿಸಬೇಕು, ಊಹಿಸಿದ್ದನ್ನು ಮತ್ತೆ ಜನರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಇಲ್ಲಿಗೆ ಬಂದಾಗ ಸಂಶೋಧನೆ ಗ್ರಂಥಾಲಯವನ್ನು ಬಿಟ್ಟು ರೈತನ ಮನೆಯಂಗಳಕ್ಕೆ ಹೋಗುತ್ತದೆ. ವೇಲ್ಸ್‌ನ ಬೆಟ್ಟದ ಕುರಿಗಳಿಗೆ ಬೇಲಿ ಬೇಕಿಲ್ಲ. ತಾಯಿಕುರಿ ಮೇಯ್ದ ಜಾಗವನ್ನು ಮರಿ ಕಲಿಯುತ್ತದೆ, ಆ ಮರಿಯಿಂದ ಅದರ ಮರಿ ಕಲಿಯುತ್ತದೆ. ತಲೆಮಾರುಗಳಿಂದ ಒಂದು ಹಿಂಡು ಒಂದೇ ಪಾರ್ಶ್ವದಲ್ಲಿ ಉಳಿಯುತ್ತದೆ. ಹಿಂಡಿಗೆ ಒಗ್ಗಿದ ಆ ಜಾಗಕ್ಕೆ ಕನೆವಿನ್ ಎಂದು ಹೆಸರು. ಉಣ್ಣೆ ಕತ್ತರಿಸುವ ಕಾಲಕ್ಕೆ ನೆರೆಹೊರೆಯವರೆಲ್ಲ ನಾಯಿಗಳೊಡನೆ ಬೆಟ್ಟವೇರಿ ಕುರಿಗಳನ್ನು ಒಟ್ಟುಮಾಡುವಾಗ, ಯಾರು ಎಲ್ಲಿಂದ ಯಾವ ಕಡೆಗೆ ಅಟ್ಟಬೇಕೆಂದು ಕೂಗಿ ಹೇಳಲು ಪ್ರತಿ ಕೊರಕಲಿಗೂ ಬಂಡೆಗೂ ಹೆಸರು ಬೇಕು. ಆ ಹೆಸರುಗಳಲ್ಲಿ ಎಷ್ಟೋ ಯಾವ ನಕಾಶೆಗೂ ಹತ್ತಿಲ್ಲ. ಕುರುಬನಿಗೆ ಮುಖ್ಯವಾದದ್ದು ಕುರಿ ಮೇಯುವ ಇಳಿಜಾರು, ಹತ್ತುವವನಿಗೆ ಮುಖ್ಯವಾದದ್ದು ನೆತ್ತಿ. ಆದ್ದರಿಂದ ಇಳಿಜಾರಿನ ಹೆಸರನ್ನೇ ನಕಾಶೆಯವರು ತುದಿಗೆ ಅಂಟಿಸಿರುವುದೂ ಉಂಟು. ಹೆಸರು ಕೇಳುವವರು ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬಹಳ ಎಚ್ಚರದಿಂದ ಮಾತಾಡಬೇಕಾಗುತ್ತದೆ. ಈ ಬೆಟ್ಟಕ್ಕೆ ಇಂಥ ಹೆಸರಲ್ಲವೇ ಎಂದು ಕೇಳಿದರೆ, ಅತಿಥಿಯ ಮನಸ್ಸು ನೋಯಿಸಲಾರದ ಹಿರಿಯರು ಹೌದೆಂದುಬಿಡುತ್ತಾರೆ. ಅದಕ್ಕೆ ನೀವು ಏನನ್ನುತ್ತೀರಿ ಎಂದು ಕೇಳಿ, ಸುಮ್ಮನಿದ್ದು, ಬಂದ ಉತ್ತರವನ್ನು ತಿದ್ದದೆ ಬರೆದುಕೊಂಡು, ಕಣಿವೆಯ ಆಚೆ ಮನೆಯವರನ್ನೂ ಬೇರೆಯಾಗಿ ಕೇಳಬೇಕು. 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ಆ ಭಾಷೆಯನ್ನಾಡುವವರು ನೂರಕ್ಕೆ 17.8, ಸುಮಾರು 5 ಲಕ್ಷ 38 ಸಾವಿರ ಜನ. ಬೆಟ್ಟದ ಎತ್ತರವನ್ನು ಮುಂದಿನ ವರ್ಷ ಅಳೆದರೂ ಆಗುತ್ತದೆ. ಎಂಬತ್ತು ದಾಟಿದ ಕುರುಬನೊಬ್ಬನಿಗೆ ಮಾತ್ರ ತಿಳಿದಿರುವ ಹೆಸರು ಅಷ್ಟು ದಿನ ಕಾಯುವುದಿಲ್ಲ. ಈ ಎರಡು ಕೆಲಸಗಳಲ್ಲಿ ಯಾವುದು ತುರ್ತೆಂದು ನನ್ನನ್ನು ಕೇಳಿದರೆ, ಹೆಸರಿನದೇ ಎಂದು ಅನುಮಾನವಿಲ್ಲದೆ ಹೇಳುತ್ತೇನೆ.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಗ್ಲಡರ್ ಬೆಟ್ಟಗಳ ಮಗ್ಗುಲಲ್ಲಿರುವ ಎತ್ತರದ ಕೊಳ್ಳವೊಂದು ಸಾಕ್ಷಿ. ಬಂಡೆ ಹತ್ತಲು ಬಂದ ಇಂಗ್ಲಿಷರು ಅದಕ್ಕೆ ಹೆಸರಿಲ್ಲದ ಕೊಳ್ಳ ಎಂದೇ ಹೆಸರಿಟ್ಟರು. ಅದಕ್ಕೆ ಕುಮ್ ಕ್ನೇವ್ಯೊನ್, ಕತ್ತರಿಸಿದ ಉಣ್ಣೆಯ ಕೊಳ್ಳ ಎಂಬ ಚೆಂದದ ಹೆಸರಿತ್ತು.

ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಮ್ಮ ಕಡೆಯೂ ನಡೆದಿದೆ, ಅದಕ್ಕೂ ವೇಲ್ಸ್‌ಗೂ ನೇರವಾದ ಎಳೆಯೊಂದಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, ಮುಂದೆ ಇಡೀ ಭಾರತಕ್ಕೆ ಹಬ್ಬಿದ ತ್ರಿಕೋನಮಾಪನಕ್ಕೆ ನಾಂದಿ ಹಾಡಿದ. ಅವನ ನಂತರ ಆ ಕೆಲಸವನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್‌ನ ಕುಟುಂಬದ ಮನೆ ವೇಲ್ಸ್‌ನ ಕ್ರಿಕ್‌ಹೋವೆಲ್ ಪಟ್ಟಣದ ಬಳಿಯ ಗ್ವೆರ್ನ್‌ವೇಲ್. ಹಿಮಾಲಯದ ಅತ್ಯುನ್ನತ ಶಿಖರಕ್ಕೆ ಸ್ಥಳೀಯ ಹೆಸರು ಸಿಗಲಿಲ್ಲವೆಂದು ಹೇಳಿ ಎವರೆಸ್ಟ್‌ನ ನಂತರ ಆ ಹುದ್ದೆಗೆ ಬಂದ ಆಂಡ್ರ್ಯೂ ವಾ ಎಂಬಾತ ಎವರೆಸ್ಟ್‌ನ ಹೆಸರನ್ನು ಸೂಚಿಸಿದಾಗ, ಆ ನಾಡಿನವರಿಗೆ ಈ ಹೆಸರನ್ನು ಉಚ್ಚರಿಸಲಾಗದೆಂದು ಆಕ್ಷೇಪಿಸಿದವನು ಸ್ವತಃ ಎವರೆಸ್ಟ್. ಶಿಖರದ ಚೋಮೊಲುಂಗ್ಮಾ ಎಂಬ ಟಿಬೆಟನ್ ಹೆಸರು ಅದಕ್ಕೂ ಮೊದಲೇ ಯುರೋಪಿನಲ್ಲಿ ಅಚ್ಚಾದ ನಕಾಶೆಯಲ್ಲಿ ಕಾಣಿಸಿಕೊಂಡಿತ್ತು.

ಇನ್ನು ಎತ್ತರದ ಮಾತು. ಬೆಟ್ಟ ಇಷ್ಟು ಮೀಟರ್ ಎಂದಾಗ, ಎಲ್ಲಿಂದ ಅಷ್ಟು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಬ್ರಿಟನ್ ದ್ವೀಪದಲ್ಲಿ ಅದಕ್ಕೆ ಉತ್ತರ ಕಾರ್ನ್‌ವಾಲ್‌ನ ನ್ಯೂಲಿನ್ ಬಂದರಿನಲ್ಲಿದೆ. 1915ರಿಂದ 1921ರವರೆಗೆ ಆರು ವರ್ಷ ಅಲ್ಲಿಯ ಸಮುದ್ರದ ಏರಿಳಿತಗಳನ್ನು ಬರೆದಿಟ್ಟು ತೆಗೆದ ಸರಾಸರಿಯೇ ಇಂದಿಗೂ ಸೊನ್ನೆ. ಆ ಸೊನ್ನೆಯಿಂದ ನೆತ್ತಿಯವರೆಗಿನ ಎತ್ತರವನ್ನು ಹಿಂದೆ ದುರ್ಬೀನಿನ ಕೋನಗಳಿಂದ, ಆಮೇಲೆ ವಿಮಾನದಿಂದ ತೆಗೆದ ಚಿತ್ರಗಳಿಂದ ಲೆಕ್ಕಹಾಕಿದರು. ವಿಮಾನದ ಚಿತ್ರಗಳಲ್ಲಿ ಎರಡು ಮೂರು ಮೀಟರಿನ ಹೆಚ್ಚುಕಡಿಮೆ ಸಹಜ. ನಡೆಯುವವನಿಗೆ ದಾರಿ ತೋರಲು ಅಷ್ಟು ಸಾಕು. ಗೆರೆಯ ಅಂಚಿನಲ್ಲಿರುವ ಬೆಟ್ಟಕ್ಕೆ ಸಾಲದು.

ಈಗಿನ ಕ್ರಮ ಹೀಗಿದೆ. ಮೊದಲು ನೆತ್ತಿಯಲ್ಲಿ ಅತ್ಯಂತ ಎತ್ತರದ ಸಹಜ ನೆಲ ಯಾವುದೆಂದು ಮಟ್ಟಗೋಲು ಮತ್ತು ಮಟ್ಟದ ದುರ್ಬೀನಿನಿಂದ ಪತ್ತೆಹಚ್ಚಬೇಕು. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಜನರು ಪೇರಿಸಿದ ಕಲ್ಲುಗುಪ್ಪೆ ಲೆಕ್ಕಕ್ಕಿಲ್ಲ. ಆರಾನ್ ವೌದುಯ್ ಬೆಟ್ಟದವರು ತಮ್ಮದು ಕಾಡೈರ್ ಇಡ್ರಿಸ್‌ಗಿಂತ ಗಿಡ್ಡವೆಂದು ನಂಬಿ ನೆತ್ತಿಯ ಮೇಲೆ ಕಲ್ಲು ಪೇರಿಸಿದರೆಂಬ ಮಾತು ಅಲ್ಲಿ ಪ್ರಚಲಿತವಾಗಿದೆ. ನಿಜವಾಗಿ ಅದರ ಎತ್ತರ 905 ಮೀಟರ್, ಕಾಡೈರ್ ಇಡ್ರಿಸ್‌ನದು 893. ಪೇರಿಸುವ ಅಗತ್ಯವೇ ಇರಲಿಲ್ಲ. ತುದಿ ಗೊತ್ತಾದ ಮೇಲೆ ಮುಕ್ಕಾಲಿಯ ಮೇಲೆ ಉಪಗ್ರಹಗಳ ಸಂಕೇತ ಹಿಡಿಯುವ ಗ್ರಾಹಕವನ್ನು ನಿಲ್ಲಿಸಿ, ಗಾಳಿಮಳೆಯಲ್ಲಿ ಎರಡು ಗಂಟೆಯೋ ಇನ್ನೂ ಹೆಚ್ಚೋ ಕಾಯಬೇಕು. ನಮ್ಮ ಮೊಬೈಲಿನ ಜಿಪಿಎಸ್‌ನಂತೆ ಅದು ಕೂಡಲೇ ಉತ್ತರ ಕೊಡುವುದಿಲ್ಲ. ಅದರ ದತ್ತಾಂಶವನ್ನು ದೇಶದುದ್ದಕ್ಕೂ ಸ್ಥಿರವಾಗಿ ನೆಟ್ಟಿರುವ ಕೇಂದ್ರಗಳ ದತ್ತಾಂಶದೊಡನೆ ಹೋಲಿಸಿದಾಗ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಉಪಗ್ರಹಗಳು ಎತ್ತರವನ್ನು ಅಳೆಯುವುದು ನಯವಾದ ಗಣಿತದ ಗೋಳದಿಂದ. ವೇಲ್ಸ್‌ನಲ್ಲಿ ಆ ಗೋಳ ಸಮುದ್ರಮಟ್ಟಕ್ಕಿಂತ ಸುಮಾರು 50 ಮೀಟರ್ ಕೆಳಗಿರುವುದರಿಂದ ಅಷ್ಟನ್ನು ಕಳೆಯದೆ ನ್ಯೂಲಿನ್ನಿನ ಲೆಕ್ಕ ಸಿಗದು.

ಹೀಗೆ 2010ರಲ್ಲಿ ಗ್ಲಡರ್ ವೌರ್ ಬೆಟ್ಟವನ್ನು ಅಳೆದರು. ಭರ್ಜಿಗಳಂತೆ ಚುಚ್ಚಿ ನಿಂತ ಬಂಡೆಗಳ ಆ ನೆತ್ತಿ ನಕಾಶೆಯಲ್ಲಿ 999 ಮೀಟರ್ ಎಂದಿತ್ತು, ಅಳತೆಯಲ್ಲಿ 1000.8 ಮೀಟರ್ ಬಂತು. ಸಾವಿರ ಮೀಟರ್ ದಾಟಿದ ವೇಲ್ಸ್‌ನ ಶಿಖರಗಳು ನಾಲ್ಕಲ್ಲ, ಐದು ಎಂದಾಯಿತು, ಸರ್ಕಾರಿ ನಕಾಶೆಯೂ 1001 ಎಂದು ತಿದ್ದಿಕೊಂಡಿತು. ಎದುರಿಗಿರುವ ಟ್ರವಾನ್ ಬೆಟ್ಟ ಅದೇ ವರ್ಷ 915ರಿಂದ 917.5 ಮೀಟರಿಗೆ ಏರಿತು.

ಇಲ್ಲಿಂದ ಉತ್ತರಕ್ಕೆ ಕಾರ್ನೆದ್ ಬೆಟ್ಟಗಳು. ಕಾರ್ನೆದ್ ಎಂದರೆ ಕಲ್ಲುಗುಪ್ಪೆ. ಕಾರ್ನೆದ್ ಲವೆಲಿನ್ 1064 ಮೀಟರ್, ಕಾರ್ನೆದ್ ದವಿದ್ 1044 ಮೀಟರ್. ವೇಲ್ಸ್‌ನ ಅರಸು ಮನೆತನದವರ ಹೆಸರುಗಳಿವು. ಅವುಗಳ ಉತ್ತರಕ್ಕೆ 926 ಮೀಟರ್ ಎತ್ತರದ ಇನ್ನೊಂದು ನೆತ್ತಿಗೆ ಗಾರ್ನೆದ್ ಇಖಾವ್, ಮೇಲಿನ ಕಲ್ಲುಗುಪ್ಪೆ, ಎಂದಷ್ಟೇ ಹೆಸರಿತ್ತು. ಸ್ವತಂತ್ರ ವೇಲ್ಸ್‌ನ ಕೊನೆಯ ದೊರೆ ಲವೆಲಿನ್ ಅಪ್ ಗ್ರಿಫಿದ್ 1282ರಲ್ಲಿ ಹತನಾದಾಗ ಅವನ ಒಬ್ಬಳೇ ಮಗಳು ಗ್ವೆನ್‌ಲಿಯಾನ್ ಆ ವರ್ಷವಷ್ಟೇ ಹುಟ್ಟಿದ ಕೂಸು. ಇಂಗ್ಲೆಂಡಿನ ಅರಸ ಅವಳನ್ನು ಲಿಂಕನ್‌ಷೈರಿನ ಸೆಂಪ್ರಿಂಗ್‌ಹ್ಯಾಮ್ ಮಠಕ್ಕೆ ಕಳುಹಿಸಿದ. 1337ರಲ್ಲಿ ಸಾಯುವವರೆಗೂ ಅವಳು ಅಲ್ಲಿಯೇ ಇದ್ದಳು. ಅವಳ ಭಾಷೆ ಬಾರದವರ ನಡುವೆ ಅವಳ ಹೆಸರು ದಾಖಲೆಗಳಲ್ಲಿ ವೆಂಟ್ಲಿಯಾನ್ ಎಂದು ವಿಕಾರಗೊಂಡಿತು. ಅವಳ ನೆನಪನ್ನು ಉಳಿಸಲು ದುಡಿದವರ ಪ್ರಯತ್ನದಿಂದ 2009ರಲ್ಲಿ ಆ ನೆತ್ತಿಗೆ ಕಾರ್ನೆದ್ ಗ್ವೆನ್‌ಲಿಯಾನ್ ಎಂಬ ಹೆಸರು ನಕಾಶೆಗೆ ಬಂತು. ಕುರುಬರ ಹಳೆಯ ಹೆಸರನ್ನೂ ಅರಸುಮಗಳ ಹೊಸ ಹೆಸರನ್ನೂ ಹೆಸರು ಕಲೆಹಾಕುವವರು ತಮ್ಮ ಪುಸ್ತಕದಲ್ಲಿ ಒಂದರ ಕೆಳಗೊಂದು, ಅದರದರ ಕಾಲದೊಡನೆ ಬರೆದುಕೊಳ್ಳುತ್ತಾರೆ. ಎರಡರ ಮುಂದೆಯೂ ಬರೆಯುವ ಎತ್ತರ ಒಂದೇ, 926 ಮೀಟರ್.