ಮೊದಲು ಚೆಂಡೆ, ಆಮೇಲೆ ಫೋಟೋ: ಲಿನಕ್ಸಿನಲ್ಲಿ ಸ್ಲೈಡ್‌ಶೋ

[ಪರದೆ: ಶಾಲೆಯ ಹಳೆಯ ಗ್ರೂಪ್ ಫೋಟೋ. ಹಿಂದೆ ಚೆಂಡೆಯ ಸದ್ದು, ನಿಧಾನಕ್ಕೆ ಇಳಿಯುತ್ತದೆ.]

ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಕನ್ನಡ ಶಾಲೆ. ಒಂದನೇ ಕ್ಲಾಸಿನಲ್ಲಿ ನನಗೆ ಅಕ್ಷರ ಕಲಿಸಿದ ಟೀಚರ್ ಮುಂದಿನ ವಾರ ನಿವೃತ್ತರಾಗುತ್ತಾರೆ. ಹಳೆ ವಿದ್ಯಾರ್ಥಿಗಳು ಕಳಿಸಿದ 42 ಫೋಟೋಗಳು ಬಂದಿವೆ. ಇವನ್ನು ಸಂಗೀತದ ಜೊತೆ ಜೋಡಿಸಿ ಸಭೆಯಲ್ಲಿ ತೋರಿಸಬೇಕು.

ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಮಾಡಿದ್ದೆ. 42 ಫೋಟೋ, ಒಂದೊಂದಕ್ಕೆ 5 ಸೆಕೆಂಡ್, ಒಟ್ಟು 210 ಸೆಕೆಂಡ್. ಹಾಡು ಇದ್ದದ್ದು 160 ಸೆಕೆಂಡ್ ಮಾತ್ರ. ಕೊನೆಯ 10 ಫೋಟೋ ಸದ್ದಿಲ್ಲದೆ ಓಡಿದವು. ಸಭೆಯಲ್ಲಿ ಕೂತವರು ಯಂತ್ರ ಕೆಟ್ಟಿತು ಅಂದುಕೊಂಡು ಹಿಂದೆ ತಿರುಗಿ ನೋಡತೊಡಗಿದರು. ಅವತ್ತಿನಿಂದ ನನ್ನ ಕ್ರಮವೇ ಬೇರೆ. ಮೊದಲು ಸಂಗೀತ, ಆಮೇಲೆ ಫೋಟೋ.

[ಪರದೆ: ಶಾಲೆಯ ಲ್ಯಾಪ್‌ಟಾಪ್]

ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಬದಲು ಇರುವುದು ಕೈಟ್ ಗ್ನು ಲಿನಕ್ಸ್. ಉಬುಂಟು ಎಂಬ ಉಚಿತ ಲಿನಕ್ಸಿನ ಮೇಲೆ ಕಟ್ಟಿದ್ದು. ಹಾಗಾಗಿ ಇಲ್ಲಿ ತೋರಿಸುವುದನ್ನು ಶಾಲೆಯ ಮಕ್ಕಳೂ ಮಾಡಬಹುದು. ನಮಗೆ ಬೇಕಾದ್ದು ಎರಡೇ ತಂತ್ರಾಂಶ: ಸದ್ದು ತಿದ್ದಲು ಆಡಾಸಿಟಿ, ವಿಡಿಯೋ ಜೋಡಿಸಲು ಕೆಡೆನ್‌ಲೈವ್. ಎರಡೂ ಉಚಿತ, ಸಾಫ್ಟ್‌ವೇರ್ ಸೆಂಟರಿನಲ್ಲಿ ಹುಡುಕಿದರೆ ಸಿಗುತ್ತವೆ.

ಸಂಗೀತಕ್ಕೆ ಸಿನಿಮಾ ಹಾಡು ಬೇಡ. ಯೂಟ್ಯೂಬಿಗೆ ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬರಬಹುದು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಇದು ಕುಂಬಳೆ ಸೀಮೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಶಾಲೆಯಲ್ಲೇ ಯಕ್ಷಗಾನ ಕಲಿಯುವ ಮಕ್ಕಳಿದ್ದಾರೆ. ಟೀಚರಿಗೆ ಅವರ ಚೆಂಡೆ ಮದ್ದಳೆ ಕೇಳಿಸದೆ ಇನ್ನಾವುದನ್ನು ಕೇಳಿಸುವುದು?

ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಆದರೆ ಚೆಂಡೆಯ ಪಕ್ಕದಲ್ಲೇ ಫೋನ್ ಇಡಬೇಡಿ, ಸದ್ದು ಒಡೆಯುತ್ತದೆ. ಹತ್ತು ಹದಿನೈದು ಅಡಿ ದೂರ ಇಡಿ. ಆಡಾಸಿಟಿಯಲ್ಲಿ ತೆರೆದಾಗ ಪರದೆಯಲ್ಲಿ ಕಾಣುವ ಸದ್ದಿನ ಅಲೆಯ ತುದಿ ಕತ್ತರಿಸಿದ ಹಾಗೆ ಚಪ್ಪಟೆಯಾಗಿದ್ದರೆ ಆ ರೆಕಾರ್ಡಿಂಗ್ ಬಿಡಿ. ಅದನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ, ಇನ್ನೊಮ್ಮೆ ಬಾರಿಸಲು ಹೇಳಿ. ಮಕ್ಕಳಿಗೆ ಅದು ಖುಷಿಯೇ.

[ಪರದೆ: ಕೆಡೆನ್‌ಲೈವ್, ಕೆಳಗೆ ಚೆಂಡೆಯ ಟ್ರ್ಯಾಕ್]

ನನ್ನ ರೆಕಾರ್ಡಿಂಗ್ 4 ನಿಮಿಷ, ಅಂದರೆ 240 ಸೆಕೆಂಡ್. ಅದನ್ನು ಆಡಿಯೋ ಟ್ರ್ಯಾಕಿಗೆ ಎಳೆದು ಹಾಕಿ. ಈಗ ಪ್ಲೇ ಮಾಡಿ, ಕಣ್ಣು ಮುಚ್ಚಿ ಕೇಳಿ. ಪೆಟ್ಟು ಬದಲಾಗುವ ಕಡೆಯೆಲ್ಲ ಕೀಬೋರ್ಡಿನ ಜಿ ಒತ್ತಿ. ಟೈಮ್‌ಲೈನಿನಲ್ಲಿ ಒಂದೊಂದು ಗುರುತು ಬೀಳುತ್ತದೆ, ಇದಕ್ಕೆ ಗೈಡ್ ಅನ್ನುತ್ತಾರೆ. ಆಮೇಲೆ ಫೋಟೋದ ಅಂಚನ್ನು ಎಳೆದರೆ, ಸ್ನ್ಯಾಪ್ ಆನ್ ಇದ್ದಾಗ, ಆ ಗುರುತಿಗೆ ಹೋಗಿ ಅಂಟಿಕೊಳ್ಳುತ್ತದೆ. ಪೆಟ್ಟು ಬೀಳುವಾಗಲೇ ಫೋಟೋ ಬದಲಾಗುತ್ತದೆ. ನೋಡಿ.

[ಪರದೆ: 20 ಸೆಕೆಂಡ್ ಮಾದರಿ, ಮಾತಿಲ್ಲ]

ಫೋಟೋ ಸೇರಿಸಲು ಆಡ್ ಇಮೇಜ್ ಸೀಕ್ವೆನ್ಸ್ ಎಂಬ ಸುಲಭ ದಾರಿಯೂ ಇದೆ. ಇಡೀ ಫೋಲ್ಡರ್ ಒಂದೇ ಸಲ ಬರುತ್ತದೆ. ಆದರೆ ಎಲ್ಲ ಫೋಟೋಗೂ ಒಂದೇ ಅಳತೆಯ ಸಮಯ. ಜೊತೆಗೆ, ಜೆಪಿಜಿ ಅಂತ ಆರಿಸಿದರೆ ಪಿಎನ್‌ಜಿ ಫೋಟೋ ಹೊರಗೇ ಉಳಿಯುತ್ತದೆ. ನಾನು ಒಂದೊಂದಾಗಿ ಇಡುತ್ತೇನೆ. ಯಾಕೆ ಗೊತ್ತಾ? ಒಬ್ಬರೇ ಇರುವ ಫೋಟೋಗೆ 4 ಸೆಕೆಂಡ್ ಸಾಕು. ನಲವತ್ತು ಮಕ್ಕಳ ಗ್ರೂಪ್ ಫೋಟೋ ಬಂದಾಗ ಸಭೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಮುಖ ಹುಡುಕುತ್ತಾರೆ. ಎರಡನೇ ಸಾಲು, ಎಡದಿಂದ ಮೂರನೆಯವನು ನಾನು ಅಂತ ಪಕ್ಕದವರಿಗೆ ತೋರಿಸುತ್ತಾರೆ. ಅದಕ್ಕೆ 9, 10 ಸೆಕೆಂಡ್ ಆದರೂ ಕೊಡಿ. ಈ ಹುಡುಕಾಟಕ್ಕೇ ಅಲ್ವಾ ನಾವು ಇದನ್ನು ಮಾಡುವುದು.

ಫೋಟೋ ಕಳಿಸುವವರಿಗೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸುಮ್ನೆ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ದೊಡ್ಡ ಪರದೆಯಲ್ಲಿ ಮುಖ ಮಸುಕು. ಫೈಲುಗಳಿಗೆ 001, 002 ಅಂತ ಹೆಸರಿಟ್ಟರೆ ಕ್ರಮ ತಪ್ಪುವುದಿಲ್ಲ. ಉಬುಂಟುವಿನಲ್ಲಿ ಎಲ್ಲವನ್ನೂ ಆರಿಸಿ ಎಫ್2 ಒತ್ತಿದರೆ ಒಟ್ಟಿಗೇ ಹೆಸರು ಬದಲಿಸಬಹುದು. ಉದ್ದುದ್ದ ಫೋಟೋಗಳ ಎರಡು ಬದಿ ಕಪ್ಪಾಗಿ ಕಾಣುತ್ತಿದ್ದರೆ ಪಿಲ್ಲರ್ ಎಕೊ ಎಂಬ ಎಫೆಕ್ಟ್ ಹಾಕಿ, ಅದೇ ಫೋಟೋದ ಮಸುಕು ರೂಪ ಆ ಜಾಗ ತುಂಬುತ್ತದೆ.

ಟೀಚರ ಹೆಸರು ಕನ್ನಡದಲ್ಲೇ ಬರಲಿ. ಟೈಟಲ್ ಕ್ಲಿಪ್ಪಿನಲ್ಲಿ ನೋಟೋ ಸಾನ್ಸ್ ಕನ್ನಡ ಅಥವಾ ನವಿಲು ಫಾಂಟ್ ಆರಿಸಿ. ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ದೊಡ್ಡದು ಮಾಡಿ ನೋಡಿ. ಮಲಯಾಳಂ ಬೋರ್ಡುಗಳ ನಡುವೆ ಬೆಳೆದ ನಮಗೆ ಅವರು ಕಲಿಸಿದ್ದು ಈ ಅಕ್ಷರಗಳನ್ನೇ.

ಕೊನೆಯ ಫೋಟೋದಲ್ಲಿ ಟೀಚರ್ ಒಬ್ಬರೇ ಇದ್ದಾರೆ, ಕೈಯಲ್ಲಿ ಸೀಮೆಸುಣ್ಣ. ಚೆಂಡೆಯ ಕ್ಲಿಪ್ಪಿನ ಮೂಲೆಯನ್ನು ಒಳಗೆ ಎಳೆದರೆ ಸದ್ದು ಮೆಲ್ಲಗೆ ಇಳಿಯುತ್ತದೆ. ಅದು ನಿಂತ ಮೇಲೂ ಫೋಟೋವನ್ನು 5 ಸೆಕೆಂಡ್ ಹಾಗೇ ಬಿಟ್ಟಿದ್ದೇನೆ.

ಇನ್ನು ಕಂಟ್ರೋಲ್ ಎಂಟರ್ ಒತ್ತಿ, ಎಂಪಿ4 ಆರಿಸಿ ರೆಂಡರ್ ಮಾಡಿ, ಅಂದರೆ ಎಲ್ಲ ಸೇರಿ ಒಂದೇ ವಿಡಿಯೋ ಫೈಲ್ ಆಗುತ್ತದೆ. ಪೆನ್‌ಡ್ರೈವಿಗೆ ಹಾಕಿ, ಹಿಂದಿನ ದಿನವೇ ಶಾಲೆಗೆ ಹೋಗಿ ಅಲ್ಲಿನ ಪ್ರೊಜೆಕ್ಟರಿನಲ್ಲಿ, ಅಲ್ಲಿನ ಸ್ಪೀಕರಿನಲ್ಲಿ ಒಮ್ಮೆ ಪೂರ್ತಿ ಓಡಿಸಿ ನೋಡಿ. ನಾನು ಗುರುವಾರ ಸಂಜೆ ಹೋಗುತ್ತಿದ್ದೇನೆ.