ಲಕ್ಕಿ ಸೊಪ್ಪಿನ ಸಾರ, ಮೊಟ್ಟೆಯ ಲೋಳೆ

ಕೇಳುಗರಿಗೆ ನಮಸ್ಕಾರ.

ಮೊಣಕಾಲು ಬಾತರೆ ಬೆಳಗಾವಿ ಸೀಮೆಯಲ್ಲಿ ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟುವವರು ಈಗಲೂ ಇದ್ದಾರೆ. ಹಳ್ಳದ ದಂಡೆಯಲ್ಲಿ ಬೆಳೆಯುವ ಗಿಡ ಅದು. ಒಂದು ತೊಟ್ಟಿಗೆ ಮೂರೋ ಐದೋ ಎಲೆ. ಎಲೆಯ ಅಡಿ ಬೂದಿ ಬಣ್ಣ, ತಿಕ್ಕಿದರೆ ಘಾಟು. ಅದು ನಿಜಕ್ಕೂ ಬಾವು ಇಳಿಸುತ್ತದೆಯೇ? ಪರೀಕ್ಷೆ ಮಾಡಿದರೆ ಅಜ್ಜಿಯ ಮಾತಿಗೆ ಅವಮಾನವೇನಿಲ್ಲ, ಗೌರವವೇ.

ಮೊದಲು ಗಿಡ ಅದೇ ಅಂತ ಸಸ್ಯಶಾಸ್ತ್ರ ಬಲ್ಲವರಿಂದ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ಸಾರ ತೆಗೆಯುತ್ತಾರೆ.

ಕಾಲೇಜುಗಳಲ್ಲಿ ಸುಲಭವಾಗಿ ಮಾಡುವುದು ಮೊಟ್ಟೆಯ ಲೋಳೆಯ ಪರೀಕ್ಷೆ. ಬಿಸಿ ತಾಗಿದರೆ ಲೋಳೆ ಬೆಳ್ಳಗಾಗುತ್ತದೆ, ಅಲ್ವಾ? ಅದರಲ್ಲಿರುವ ಪ್ರೋಟೀನು ಕೆಡುವುದರಿಂದ ಹಾಗಾಗುತ್ತದೆ. ಬಾವು ಬಂದಾಗಲೂ ಮೈಯ ಪ್ರೋಟೀನು ಕೆಡುತ್ತದೆ ಅನ್ನುವುದೇ ಈ ಪರೀಕ್ಷೆಗೆ ಆಧಾರ. ಒಂದು ನಳಿಕೆಯಲ್ಲಿ ತೆಳು ಮಾಡಿದ ಲೋಳೆ ಮಾತ್ರ. ಇನ್ನೊಂದರಲ್ಲಿ ಅದರ ಜೊತೆ ಎಲೆಯ ಸಾರ. ಮೂರನೆಯದರಲ್ಲಿ, ಹೋಲಿಸಿ ನೋಡಲು, ನೋವು-ಬಾವಿಗೆ ಕೊಡುವ ಡೈಕ್ಲೋಫೆನಾಕ್ ಔಷಧಿ. ಎಲ್ಲವನ್ನೂ 70 ಡಿಗ್ರಿಗೆ ಕಾಯಿಸುತ್ತಾರೆ. ಮೊದಲನೆಯದು ಹಾಲಿನಂತೆ ಮಸುಕಾಗುತ್ತದೆ. ಸಾರದಲ್ಲಿ ಪ್ರೋಟೀನು ಕೆಡದಂತೆ ತಡೆಯುವ ಗುಣವಿದ್ದರೆ ಆ ನಳಿಕೆ ಅಷ್ಟು ಮಸುಕಾಗುವುದಿಲ್ಲ. ಎಷ್ಟು ಮಸುಕು ಅಂತ ಯಂತ್ರ ಅಳೆಯುತ್ತದೆ. ಆದರೆ ಸಾರಕ್ಕೇ ತನ್ನದೊಂದು ಬಣ್ಣವಿರುತ್ತದೆ. ಆ ಬಣ್ಣದ ಲೆಕ್ಕ ಕಳೆಯದಿದ್ದರೆ ಉತ್ತರವೇ ತಪ್ಪು.

ಇಷ್ಟಕ್ಕೇ ಔಷಧಿ ಸಿಕ್ಕಿತು ಅನ್ನುವುದು ಅವಸರ. ಲೋಳೆಗೆ ರಕ್ತವಿಲ್ಲ, ನೋವಿಲ್ಲ. ಮುಂದಿನ ಹಂತದಲ್ಲಿ, ಪ್ರಾಣಿಗಳ ಮೇಲಿನ ಪ್ರಯೋಗ ಪರಿಶೀಲಿಸುವ ನೀತಿ ಸಮಿತಿಯ ಅನುಮತಿ ಪಡೆದು, ಇಲಿಯ ಪಾದಕ್ಕೆ ಕ್ಯಾರಜೀನನ್ ಚುಚ್ಚುತ್ತಾರೆ. ಅದು ಕೆಂಪು ಕಡಲಪಾಚಿಯಿಂದ ಬರುವ ವಸ್ತು. ಕೆಲವೇ ತಾಸಿನಲ್ಲಿ ಪಾದ ಊದುತ್ತದೆ. ಮೊದಲೇ ಸಾರ ಕುಡಿಸಿದ ಇಲಿಗಳಲ್ಲಿ ಊತ ಎಷ್ಟು ಕಡಿಮೆ ಅಂತ ತಾಸು ತಾಸಿಗೆ ಅಳೆಯುತ್ತಾರೆ. 1962ರಿಂದ ಬಳಕೆಯಲ್ಲಿರುವ ಪದ್ಧತಿ ಇದು. ಇಲ್ಲಿ ಗೆದ್ದರೂ ವಿಷದ ಪರೀಕ್ಷೆ, ಮನುಷ್ಯರ ಮೇಲಿನ ಪರೀಕ್ಷೆ ಬಾಕಿ ಇರುತ್ತವೆ. ಹಾಗಾಗಿ ಇಂಥ ಸುದ್ದಿ ಓದಿ ಸುಮ್ನೆ ಸೊಪ್ಪಿನ ರಸ ಕುಡಿಯಬೇಡಿ. ಮೇಲೆ ಕಟ್ಟುವುದೇ ಬೇರೆ, ಹೊಟ್ಟೆಗೆ ತೆಗೆದುಕೊಳ್ಳುವುದೇ ಬೇರೆ.

ಸಾಂಪ್ರದಾಯಿಕ ವೈದ್ಯಕ್ಕೆಂದೇ ಇರುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ನಮ್ಮ ಬೆಳಗಾವಿಯಲ್ಲೇ ಇದೆ. ಫಾರ್ಮಸಿ, ಆಯುರ್ವೇದ ಓದುವ ಮಕ್ಕಳೂ ಇಲ್ಲಿ ಜಾಸ್ತಿ. ಅವರಲ್ಲಿ ನನ್ನದೊಂದು ಕೋರಿಕೆ. ವರದಿಯಲ್ಲಿ ಮಸುಕು, ಊತ ಶೇಕಡಾ ಎಷ್ಟು ಕಡಿಮೆಯಾಯಿತು ಅಂತ ಬರೆಯುವಾಗ ಎಲೆ ಕಿತ್ತ ಊರು, ತಿಂಗಳು ಎರಡನ್ನೂ ಬರೆಯಿರಿ. ಮಳೆಗಾಲದ ಎಲೆಯಲ್ಲಿರುವಷ್ಟೇ ಅಂಶ ಬೇಸಿಗೆಯ ಎಲೆಯಲ್ಲಿ ಇರಬೇಕೆಂದೇನಿಲ್ಲ.