ಮೂವತ್ತು ಹೆಸರಿನ ಒಂದು ಹಾಡು

ಕೇಳುಗ ಬಂಧುಗಳಿಗೆ ನಮಸ್ಕಾರ.

ಹಿರಿಯೂರು ಸೀಮೆಯ ಒಂದು ಗೊಲ್ಲರಹಟ್ಟಿಯಲ್ಲಿ ಉದ್ದನೆಯ ಬಿದಿರಿನ ಗಣೆ ಊದಿ ಕಾಡುಗೊಲ್ಲರ ದೈವ ಜುಂಜಪ್ಪನ ಪದ ಹಾಡುತ್ತಿದ್ದ ಅಜ್ಜನೊಬ್ಬರಿದ್ದರು. ಆರು ವರ್ಷದ ಹಿಂದೆ ನಾವು ಅವರ ಹಾಡನ್ನು ಧ್ವನಿಮುದ್ರಣ ಮಾಡಿಕೊಂಡೆವು. ಸಂಜೆಯ ಹೊತ್ತು, ಬೇವಿನ ಮರದ ಬುಡ. ಕುರಿಗಳು ಹಟ್ಟಿಗೆ ಮರಳುತ್ತಿದ್ದವು. ಹಾಡಿನ ನಡುವೆ ಕುರಿಮರಿಯೊಂದು ಅರಚುತ್ತದೆ. ಅಜ್ಜ ರಾಗ ಬಿಡದೆ, ಪದದ ಸಾಲಿನೊಳಗೇ ಅದನ್ನು ಗದರಿಸುತ್ತಾರೆ. ಒಟ್ಟು 23 ನಿಮಿಷದ ಹಾಡು. ಅಜ್ಜ ಈಗ ಇಲ್ಲ. ಹಾಡು ಚಿತ್ರದುರ್ಗದಲ್ಲಿರುವ ನಮ್ಮ ಪುಟ್ಟ ಸಂಗ್ರಹದ ಕೋಣೆಯಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ ಇದೆ. ಅದನ್ನು ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ ಸಾಗಿಸಿದ ಕೆಲಸದ ಬಗ್ಗೆ ಇಂದು ನಿಮ್ಮೊಂದಿಗೆ ಮಾತನಾಡುತ್ತೇನೆ. ಮನೆಯಲ್ಲಿ ಮದುವೆಯ ವಿಡಿಯೊ, ಮಕ್ಕಳ ಫೋಟೊ, ಅಂಗಡಿಯ ಲೆಕ್ಕ, ಸಂಘದ ದಾಖಲೆ ಇಟ್ಟುಕೊಂಡವರಿಗೆಲ್ಲ ಈ ಕೆಲಸ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ನಮ್ಮ ಬ್ಯಾಕಪ್ ಡಿಸ್ಕ್ 1 ಟಿಬಿಯದು. ಅದರಲ್ಲಿ ಸುಮಾರು 700 ಜಿಬಿ ತುಂಬಿತ್ತು. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಎಂಬ ಕಮಾಂಡನ್ನು ತಿಂಗಳಿಗೊಮ್ಮೆ ಓಡಿಸುವುದು ನನ್ನ ವಾಡಿಕೆ. ಓದಲು ತೊಡಕಾದ ಸೆಕ್ಟರುಗಳ, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳ, ಎಣಿಕೆ ಸೊನ್ನೆಯಿಂದ ಮೇಲೇರಿದ ತಿಂಗಳೇ ಹೊಸ 2 ಟಿಬಿ ಡಿಸ್ಕ್ ತರಿಸಿದೆವು. ಇಲ್ಲೊಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನಿಮ್ಮ ಡಿಸ್ಕ್ ಈಗಾಗಲೇ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ನಾನು ಮುಂದೆ ಹೇಳುವ ಕ್ರಮ ಬೇಡ. ಡಿಡಿರೆಸ್ಕ್ಯೂ ಎಂಬ ಬೇರೊಂದು ಸಲಕರಣೆ ಇದೆ. ಅದು ಓದಲು ಬರುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳಿ ಬರುತ್ತದೆ. ಸಾಯುತ್ತಿರುವ ಡಿಸ್ಕಿಗೆ ಉಳಿದ ಉಸಿರನ್ನು ಅದು ಎಚ್ಚರದಿಂದ ಖರ್ಚು ಮಾಡುತ್ತದೆ. ತೀರಾ ಅಮೂಲ್ಯವಾದದ್ದಾದರೆ ಅದಕ್ಕೂ ಮೊದಲು ಬಲ್ಲವರ ಕೈಗೆ ಕೊಡಿ.

ನಮ್ಮದು ಇನ್ನೂ ನಡೆಯುತ್ತಿದ್ದ ಡಿಸ್ಕ್. ಹಾಗಾಗಿ ಆರ್‌ಸಿಂಕ್ ಸಾಕಿತ್ತು. 1996ರಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ಹೊರತಂದ, ಫೈಲುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವ ಕಮಾಂಡ್ ಇದು. ಇಂದಿಗೂ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಳಸುವವರ ನಿತ್ಯದ ಸಂಗಾತಿ. ಕಿಟಕಿ, ಚಿತ್ರ, ಬಟನ್ ಯಾವುದೂ ಇಲ್ಲ. ಕಪ್ಪು ತೆರೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ಆ ಒಂದು ಸಾಲು ಸರಿಯಿರಬೇಕು, ಅಷ್ಟೇ. ಮೊದಲ ರಾತ್ರಿ ನಾನು ಬರೆದ ಸಾಲು ಸರಿಯಿರಲಿಲ್ಲ.

ಸಂಜೆ ಆರಕ್ಕೆ ಕೆಲಸ ಹಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಹೊಸ ಡಿಸ್ಕಿನಲ್ಲಿ ಜಾಗವೇ ಇಲ್ಲವೆಂದು ಆರ್‌ಸಿಂಕ್ ಕೈಚೆಲ್ಲಿ ನಿಂತಿತ್ತು. 700 ಜಿಬಿ ಸರಕು 2 ಟಿಬಿ ಡಿಸ್ಕಿನಲ್ಲಿ ಹಿಡಿಸದೆ ಹೋಗುವುದು ಹೇಗೆ? ಕೇಬಲ್ ಬದಲಿಸಿದೆ, ಡಿಸ್ಕನ್ನು ತಪಾಸಣೆ ಮಾಡಿದೆ. ಕಾರಣ ಡಿಸ್ಕಿನಲ್ಲಿರಲಿಲ್ಲ, ನಮ್ಮ ಬ್ಯಾಕಪ್ಪಿನ ಕಟ್ಟಡದಲ್ಲೇ ಇತ್ತು.

ನಮ್ಮ ಬ್ಯಾಕಪ್ ಕಾಲಕಾಲಕ್ಕೆ ದಿನಾಂಕದ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡುತ್ತದೆ. ಹಾಗೆ ಮೂವತ್ತು ಫೋಲ್ಡರ್‌ಗಳಿದ್ದವು. ಯಾವುದನ್ನು ತೆರೆದರೂ ಇಡೀ ಸಂಗ್ರಹ ಕಾಣುತ್ತದೆ. ಆದರೆ ಬದಲಾಗದ ಫೈಲನ್ನು ಅದು ಮತ್ತೆ ನಕಲು ಮಾಡುವುದಿಲ್ಲ, ಮೊದಲೇ ಇರುವ ಫೈಲಿಗೆ ಇನ್ನೊಂದು ಹೆಸರು ಅಂಟಿಸುತ್ತದೆ. ಇದಕ್ಕೆ ಹಾರ್ಡ್ ಲಿಂಕ್ ಎನ್ನುತ್ತಾರೆ. ನಮ್ಮ ಕಡೆ ತಿಪ್ಪೇಸ್ವಾಮಿ ಇಲ್ಲದ ಊರಿಲ್ಲ. ರೇಷನ್ ಕಾರ್ಡಿನಲ್ಲಿ ಅವನು ತಿಪ್ಪೇಸ್ವಾಮಿ, ಮನೆಯಲ್ಲಿ ಸ್ವಾಮಿ, ಊರವರ ಬಾಯಲ್ಲಿ ಗೌಡರ ಹಿರಿಮಗ. ಊರಿನ ಪರಿಚಯವಿಲ್ಲದವನು ಹೆಸರು ನೋಡಿಕೊಂಡು ತಲೆ ಎಣಿಸಿದರೆ ಒಬ್ಬ ಮನುಷ್ಯ ಮೂವರಾಗುತ್ತಾನೆ. ಆರ್‌ಸಿಂಕ್ ಅಂದು ರಾತ್ರಿ ಮಾಡಿದ್ದು ಅದನ್ನೇ. ಮೂವತ್ತು ಹೆಸರಿಗೂ ಬೇರೆ ಬೇರೆ ನಕಲು ಮಾಡುತ್ತಾ ಹೋಯಿತು. ಮೂರನೆಯ ಫೋಲ್ಡರ್ ಮುಗಿಯುವ ಮೊದಲೇ 2 ಟಿಬಿ ತುಂಬಿತು. ‘ಇವರೆಲ್ಲ ಒಬ್ಬರೇ’ ಎಂದು ನಾನು ಹೇಳಬೇಕಿತ್ತು, ಹೇಳಿರಲಿಲ್ಲ.

ಹೇಳುವ ರೀತಿ ಹೀಗೆ. ಕಾಗದ ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ. ಆರ್‌ಸಿಂಕ್ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ (ಆರ್, ಎಸ್, ವೈ, ಎನ್, ಸಿ) ಬರೆದು ಜಾಗ ಬಿಡಿ. ಆಮೇಲೆ ಒಂದು ಹೈಫನ್. ಅದಕ್ಕೆ ತಾಗಿದಂತೆ ಇಂಗ್ಲಿಷಿನ ಸಣ್ಣ ‘ಎ’, ದೊಡ್ಡ ‘ಎಚ್’, ಸಣ್ಣ ‘ವಿ’, ಸಣ್ಣ ‘ಎನ್’. ಜಾಗ ಬಿಟ್ಟು ಹಳೆಯ ಫೋಲ್ಡರಿನ ವಿಳಾಸ, ಮತ್ತೆ ಜಾಗ ಬಿಟ್ಟು ಹೊಸದರ ವಿಳಾಸ. ಸಣ್ಣ ಎ ಎಂದರೆ ಒಳಗಿನ ಫೋಲ್ಡರ್‌ಗಳನ್ನೂ ಫೈಲುಗಳ ದಿನಾಂಕವನ್ನೂ ಮಾಲೀಕತ್ವವನ್ನೂ ಇದ್ದ ಹಾಗೆಯೇ ಒಯ್ಯಿ ಎಂದು. ಎಲ್ಲವನ್ನೂ ಒಯ್ಯುತ್ತದೆ ಎಂದು ತೋರುವ ಈ ಎ ಹಾರ್ಡ್ ಲಿಂಕನ್ನು ಮಾತ್ರ ಕಾಯುವುದಿಲ್ಲ. ಅದಕ್ಕೆ ದೊಡ್ಡ ಎಚ್ ಬೇಕೇ ಬೇಕು. ಜೊತೆಗೆ ಮೂವತ್ತೂ ಫೋಲ್ಡರ್‌ಗಳನ್ನು ಒಂದೇ ಕಮಾಂಡಿನಲ್ಲಿ ಸಾಗಿಸಬೇಕು. ಒಂದೊಂದಾಗಿ ಸಾಗಿಸಿದರೆ ಅವುಗಳ ನಡುವಿನ ನಂಟು ಅದಕ್ಕೆ ಕಾಣುವುದಿಲ್ಲ. ಅಂಗಡಿಯಿಂದ ಬಂದ ಹೊಸ ಡಿಸ್ಕ್ ಹಲವು ಸಲ ಎಕ್ಸ್‌ಫ್ಯಾಟ್ ಎಂಬ ರೀತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ, ಅಂದರೆ ಫೈಲುಗಳನ್ನು ಜೋಡಿಸಿಡಲು ಸಿದ್ಧವಾಗಿರುತ್ತದೆ. ಅದಕ್ಕೆ ಹಾರ್ಡ್ ಲಿಂಕ್ ಎಂದರೆ ಏನೆಂದೇ ಗೊತ್ತಿಲ್ಲ. ನಾವು ಖಾಲಿ ಡಿಸ್ಕನ್ನು ಮೊದಲು ಲಿನಕ್ಸಿನ ಎಕ್ಸ್‌ಟಿ4 ರೀತಿಗೆ ಫಾರ್ಮ್ಯಾಟ್ ಮಾಡಿಕೊಂಡೆವು.

ಕೊನೆಯ ಆ ಸಣ್ಣ ಎನ್ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದಿದ್ದರೆ ಆರ್‌ಸಿಂಕ್ ಯಾವುದನ್ನೂ ಮುಟ್ಟುವುದಿಲ್ಲ. ಜೊತೆಗೆ ಸಣ್ಣ ವಿ ಇರುವುದರಿಂದ ಏನೇನು ಮಾಡಲಿದ್ದೇನೆ ಎಂದು ಪಟ್ಟಿ ಮಾತ್ರ ಒಪ್ಪಿಸುತ್ತದೆ. ಆ ಪಟ್ಟಿಯನ್ನು ಕಣ್ಣಿಟ್ಟು ಓದಿ, ಒಪ್ಪಿಗೆಯಾದ ಮೇಲೆ ಎನ್ ತೆಗೆದು ಮತ್ತೆ ಓಡಿಸಿ.

ವಿಳಾಸದ ಕೊನೆಯ ಓರೆಗೆರೆಯ ಮೇಲೂ ಗಮನವಿರಲಿ. ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಶೇಂಗಾ ಹೊತ್ತು ತಂದವರು ಮೂಟೆಯನ್ನು ಮೂಟೆಯಾಗಿಯೇ ಇಳಿಸಬಹುದು, ಬಾಯಿ ಬಿಚ್ಚಿ ಕಾಯನ್ನು ರಾಶಿಗೆ ಸುರಿಯಲೂಬಹುದು. ಹಳೆಯ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇಲ್ಲದಿದ್ದರೆ ಮೂಟೆಯೇ ಹೋಗಿ ಕೂರುತ್ತದೆ. ಇದ್ದರೆ ಒಳಗಿನದ್ದು ಮಾತ್ರ ಸುರಿಯುತ್ತದೆ. ಎರಡರಲ್ಲೂ ಒಂದು ಕಾಯಿಯೂ ಕಳೆಯುವುದಿಲ್ಲ. ಆದರೆ ಇದರ ಜೊತೆಗೆ ಡಿಲೀಟ್ ಎಂಬ ಆಯ್ಕೆಯನ್ನೂ ಸೇರಿಸಿದರೆ ಮಾತು ಬೇರೆ. ಹಳೆಯ ಕಡೆ ಇಲ್ಲದ್ದನ್ನು ಹೊಸ ಕಡೆಯಿಂದ ಅಳಿಸು ಎಂಬುದು ಅದರ ಅರ್ಥ. ಗಡಿಬಿಡಿಯಲ್ಲಿ ಎರಡು ವಿಳಾಸ ಅದಲುಬದಲಾಯಿತೆನ್ನಿ. ಖಾಲಿ ಡಿಸ್ಕನ್ನು ಮಾದರಿಯಾಗಿಟ್ಟುಕೊಂಡು ತುಂಬಿದ ಡಿಸ್ಕನ್ನು ಅದು ಗುಡಿಸಿ ಹಾಕುತ್ತದೆ. ಕಮಾಂಡಿನ ಲೋಕದಲ್ಲಿ ಕಸದ ಬುಟ್ಟಿ ಇಲ್ಲ, ಅಳಿಸಿದ್ದನ್ನು ಹೆಕ್ಕಿ ತರಲಾಗುವುದಿಲ್ಲ. ಡಿಸ್ಕಿನಿಂದ ಡಿಸ್ಕಿಗೆ ಒಮ್ಮೆ ಸಾಗಿಸುವ ಕೆಲಸಕ್ಕೆ ಡಿಲೀಟ್ ಬೇಕಾಗಿಯೇ ಇಲ್ಲ. ಹಳೆಯ ಡಿಸ್ಕನ್ನು ಓದಲು ಮಾತ್ರ ಬರುವಂತೆ ಜೋಡಿಸುವ ವಿಧಾನವಿದೆ. ಹಾಗೆ ಜೋಡಿಸಿಟ್ಟರೆ ಕೈತಪ್ಪಿದರೂ ಅಪಾಯವಿಲ್ಲ.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಇದು ನನಗೆ ಇದೇ ಕೆಲಸದಲ್ಲಿ ಗೊತ್ತಾಯಿತು. ನಮ್ಮ ಬಳಗದ ವಿದ್ಯಾರ್ಥಿಯೊಬ್ಬ ವಿಂಡೋಸ್ ಡಿಸ್ಕಿನಲ್ಲಿ ತಂದುಕೊಟ್ಟ ಕೆಲವು ಹಾಡುಗಳು ಮಾತ್ರ ಹೊಸ ಡಿಸ್ಕಿಗೆ ಹೋಗಲು ಒಪ್ಪಲಿಲ್ಲ. ಹೆಸರು ತುಂಬಾ ಉದ್ದ ಎಂದು ತಕರಾರು. ಹುಡುಗ ಆಸ್ಥೆಯಿಂದ ಊರು, ತಾಲ್ಲೂಕು, ಹಾಡಿದವರು, ಹಾಡಿನ ಮೊದಲ ಸಾಲು ಎಲ್ಲವನ್ನೂ ಹೆಸರಿನಲ್ಲೇ ಬರೆದಿದ್ದ. ಲಿನಕ್ಸಿನ ಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಚಿಹ್ನೆಗೆ ಮೂರು ಬೇಕು. ‘ಕ್ಷೇ’ ಎಂದು ನಾವು ಒಂದೇ ಉಸಿರಿಗೆ ಹೇಳುವ ಅಕ್ಷರದಲ್ಲಿ ಕ, ಅರ್ಧಾಕ್ಷರದ ಚಿಹ್ನೆ, ಷ, ಏತ್ವ ಎಂದು ನಾಲ್ಕು ಚಿಹ್ನೆಗಳಿವೆ. ಹನ್ನೆರಡು ಬೈಟ್ ಅಲ್ಲಿಗೇ ಹೋಯಿತು. ವಿಂಡೋಸ್ ಲೆಕ್ಕ ಬೇರೆ ಬಗೆಯದು, ಅಲ್ಲಿ ಹಿಡಿಸಿದ ಹೆಸರು ಇಲ್ಲಿ ಹಿಡಿಸದೆ ಹೋಗಬಹುದು. ಹಾಗೆಂದು ಇಂಗ್ಲಿಷಿನಲ್ಲಿ ಹೆಸರಿಡಿ ಎಂದು ನಾನು ಹೇಳಲಾರೆ. ಕನ್ನಡದಲ್ಲೇ ಚಿಕ್ಕ ಹೆಸರಿಟ್ಟು, ಉಳಿದ ವಿವರವನ್ನು ಪಕ್ಕದಲ್ಲಿ ಒಂದು ಪಟ್ಟಿಯಲ್ಲಿ ಬರೆದಿಡಿ.

ಎರಡನೆಯ ರಾತ್ರಿ ಕೆಲಸ ಸರಿಯಾಗಿ ನಡೆಯಿತು. ಯುಎಸ್‌ಬಿ 3 ಕೇಬಲ್ಲಿನಲ್ಲಿ ಸೆಕೆಂಡಿಗೆ ಸುಮಾರು 100 ಎಂಬಿ ಓಡುತ್ತಿದ್ದುದರಿಂದ ದೊಡ್ಡ ಫೈಲುಗಳು ಬೇಗ ಮುಗಿದವು. ಚಿಕ್ಕ ಫೈಲುಗಳ ರಾಶಿ ಮಾತ್ರ ತಾಳ್ಮೆ ಕೇಳಿತು. ನಡುವೆ ಕರೆಂಟ್ ಹೋಯಿತು. ಬಂದ ಮೇಲೆ ಅದೇ ಸಾಲನ್ನು ಮತ್ತೆ ಓಡಿಸಿದೆ. ಮುಗಿದದ್ದನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸಿತು. ಆರ್‌ಸಿಂಕ್ ಪ್ರತಿ ಫೈಲನ್ನೂ ಮೊದಲು ಮರೆಯ ಹೆಸರಿನಲ್ಲಿ ಬರೆಯುತ್ತದೆ, ಪೂರ್ತಿಯಾದ ಮೇಲೆಯೇ ನಿಜವಾದ ಹೆಸರು ಕೊಡುತ್ತದೆ. ಅರ್ಧಕ್ಕೆ ನಿಂತ ಫೈಲು ಪೂರ್ತಿಯಾದದ್ದರ ವೇಷದಲ್ಲಿ ಉಳಿಯುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ನಕಲು ಮುಗಿಯಿತು. ಎರಡೂ ಡಿಸ್ಕನ್ನು ಕಳಚಿ ಮತ್ತೆ ಜೋಡಿಸಿದೆ. ಹಾಗೆ ಮಾಡದಿದ್ದರೆ ಈಗಷ್ಟೇ ಬರೆದದ್ದನ್ನು ಕಂಪ್ಯೂಟರ್ ಡಿಸ್ಕಿನಿಂದ ಓದದೆ ತನ್ನ ನೆನಪಿನಿಂದಲೇ ಒಪ್ಪಿಸಬಹುದು. ಸಣ್ಣ ‘ಸಿ’ ಸೇರಿಸಿ ಓಡಿಸಿದರೆ ಆರ್‌ಸಿಂಕ್ ಫೈಲಿನ ಅಳತೆ ಮತ್ತು ದಿನಾಂಕಕ್ಕೆ ತೃಪ್ತಿಪಡದೆ ಎರಡೂ ಕಡೆಯ ಫೈಲನ್ನು ಪೂರ್ತಿ ಓದಿ ಹೋಲಿಸುತ್ತದೆ. ಹೋಲಿಸಿತು. ಒಂದು ವ್ಯತ್ಯಾಸವೂ ಇಲ್ಲ. ಹಳೆಯದರಲ್ಲಿ ಏನಿತ್ತೋ ಹೊಸದರಲ್ಲಿಯೂ ಅದೇ ಇತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಮ್ಮಲ್ಲಿ ಇನ್ನೊಂದು ಪಟ್ಟಿ ಇತ್ತು. ಧ್ವನಿಮುದ್ರಣ ಮುಗಿದ ದಿನವೇ ಪ್ರತಿ ಫೈಲಿನ ಹೆಬ್ಬೆಟ್ಟಿನ ಗುರುತು ತೆಗೆದಿಡುವ ಪದ್ಧತಿ ನಮ್ಮದು. ಶಾ256ಸಮ್ ಎಂಬ ಕಮಾಂಡ್ ಯಾವುದೇ ಫೈಲನ್ನು ಓದಿ 64 ಅಂಕಿ ಅಕ್ಷರಗಳ ಒಂದು ಸಾಲು ಕೊಡುತ್ತದೆ. ಫೈಲಿನಲ್ಲಿ ಒಂದು ಬಿಂದು ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಹಳೆಯ ಪಟ್ಟಿಯೊಂದಿಗೆ ಹೊಸ ಡಿಸ್ಕನ್ನು ತಾಳೆ ನೋಡಿದೆ. ಸಾವಿರಾರು ಸಾಲುಗಳು ಸರಿ, ಸರಿ, ಸರಿ ಎಂದು ಮೇಲೆ ಸರಿದು ಹೋದವು. ಒಂದು ಮಾತ್ರ ತಾಳೆಯಾಗಲಿಲ್ಲ. ಗಣೆಯ ಅಜ್ಜನ ಹಾಡು.

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹನ್ನೊಂದನೆಯ ನಿಮಿಷದವರೆಗೆ ಗಣೆ, ಪದ ಎಲ್ಲವೂ ಸ್ವಚ್ಛವಾಗಿತ್ತು. ಆಮೇಲೆ ನಿಶ್ಶಬ್ದ. ಕುರಿಮರಿಯ ದನಿ ಬರಲೇ ಇಲ್ಲ. ಐದು ವರ್ಷದ ಹಿಂದೆ ಕಂಪ್ಯೂಟರ್ ಬದಲಿಸಿದಾಗ ಈ ಫೈಲುಗಳನ್ನು ನಾನು ಮೌಸಿನಿಂದ ಎಳೆದು ಹಾಕಿದ್ದೆ. ನಡುವೆ ಕೇಬಲ್ ಸಡಿಲಿತ್ತು. ಮತ್ತೆ ಶುರು ಮಾಡಿದಾಗ ‘ಈ ಹೆಸರಿನದು ಈಗಾಗಲೇ ಇದೆ’ ಎಂದು ಪರದೆ ಕೇಳಿತ್ತು, ಬಿಟ್ಟು ಮುಂದೆ ಹೋಗು ಎಂದು ನಾನೇ ಒತ್ತಿದ್ದೆ. ಅಂದು ಅರ್ಧ ಹಾಡು ಪೂರ್ತಿ ಹಾಡಿನ ಹೆಸರಿನಲ್ಲಿ ಕುಳಿತುಬಿಟ್ಟಿತು. ಅದರ ನಂತರದ ಪ್ರತಿ ಬ್ಯಾಕಪ್ಪೂ ಆ ಅರ್ಧವನ್ನೇ ನಿಷ್ಠೆಯಿಂದ ಕಾಪಾಡಿತು. ಮೂವತ್ತು ಫೋಲ್ಡರ್‌ಗಳಲ್ಲಿ ಮೂವತ್ತು ಹೆಸರುಗಳಿದ್ದವು, ಹಾಡು ಅರ್ಧ ಮಾತ್ರ ಇತ್ತು.

ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನಗಳಿರುವುದು ನಿಮಗೆ ಗೊತ್ತಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಕೆಲವೇ ಕಿಲೋಮೀಟರ್ ಅಂತರದಲ್ಲಿ ಮೂರು ಬಂಡೆಗಳು. 1892ರಲ್ಲಿ ಬಿ. ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ಮೂರರಲ್ಲೂ ಇರುವುದು ಒಂದೇ ಸಂದೇಶ. ಜಟಿಂಗ ರಾಮೇಶ್ವರದ್ದು ಬಹಳ ಸವೆದುಹೋಗಿದೆ. ಅಲ್ಲಿ ಅಳಿದದ್ದನ್ನು ಬ್ರಹ್ಮಗಿರಿಯ ಬಂಡೆಯಲ್ಲಿ ಓದಿಕೊಳ್ಳಬಹುದು. ಬ್ರಹ್ಮಗಿರಿಯಲ್ಲಿ ಬರೆದವನ ಹೆಸರೂ ಇದೆ, ಚಪಡ ಎಂಬ ಲಿಪಿಕಾರ. ಬೇರೆ ಬೇರೆ ಬಂಡೆಯ ಮೇಲೆ ಬೇರೆ ಬೇರೆಯಾಗಿ ಕೆತ್ತಿದ್ದರಿಂದಲೇ ಒಂದು ಸವೆದರೆ ಇನ್ನೊಂದು ಉಳಿಯಿತು. ನಮ್ಮ ಡಿಸ್ಕಿನಲ್ಲಿದ್ದದ್ದು ಒಂದೇ ಬಂಡೆ.

ನಮ್ಮ ಅದೃಷ್ಟಕ್ಕೆ ಎರಡನೆಯ ಬಂಡೆ ದಾವಣಗೆರೆಯಲ್ಲಿತ್ತು. ಅಂದು ಹಟ್ಟಿಗೆ ನಮ್ಮೊಂದಿಗೆ ಬಂದಿದ್ದ ಗೆಳತಿಯೊಬ್ಬರು ರೆಕಾರ್ಡರಿನ ಮೆಮೊರಿ ಕಾರ್ಡಿನಿಂದ ನೇರವಾಗಿ ತಮ್ಮ ಡಿಸ್ಕಿಗೆ ಇಳಿಸಿಕೊಂಡಿದ್ದರು. ಫೋನ್ ಮಾಡಿದೆ. ‘ಬೀರುವಿನಲ್ಲಿದೆ, ಹುಡುಕಿ ನೋಡುತ್ತೇನೆ ಇರಿ’ ಎಂದರು. ಭಾನುವಾರ ಅವರ ತಮ್ಮ ಬಸ್ಸಿನಲ್ಲಿ ಡಿಸ್ಕ್ ತಂದುಕೊಟ್ಟರು. ಹೆಬ್ಬೆಟ್ಟಿನ ಗುರುತು ತೆಗೆದೆ. 64 ಅಕ್ಷರಗಳನ್ನೂ ಬೆರಳಿಟ್ಟು ಒಂದೊಂದಾಗಿ ಓದಿದೆ. ಕಂಪ್ಯೂಟರೇ ಹೋಲಿಸುತ್ತದೆ, ನಿಜ. ಆದರೂ ಓದಿದೆ. ತಾಳೆಯಾಯಿತು.

ಈಗ ನಮ್ಮ ಹೊಸ ಡಿಸ್ಕ್ ಚಿತ್ರದುರ್ಗದಲ್ಲಿದೆ, ಅದರ ನಕಲೊಂದು ದಾವಣಗೆರೆಯ ಆ ಬೀರುವಿನಲ್ಲಿದೆ. ಹಳೆಯ ಡಿಸ್ಕನ್ನು ಅಳಿಸಿಲ್ಲ. ದಿನಾಂಕದ ಚೀಟಿ ಅಂಟಿಸಿ ಎತ್ತಿಟ್ಟಿದ್ದೇವೆ.

ಆ ಭಾನುವಾರ ಸಂಜೆ ಹಾಡನ್ನು ಮೊದಲಿನಿಂದ ಹಾಕಿ ಕುಳಿತೆ. ಗೆಳತಿಯ ತಮ್ಮನೂ ಬಸ್ಸು ಬಿಟ್ಟು ನನ್ನ ಪಕ್ಕದಲ್ಲೇ ಕುಳಿತರು. ಹನ್ನೊಂದನೆಯ ನಿಮಿಷ ದಾಟಿತು. ಗಣೆ ನಿಲ್ಲಲಿಲ್ಲ. ಹದಿನೇಳನೆಯ ನಿಮಿಷದಲ್ಲಿ ಕುರಿಮರಿ ಅರಚಿತು, ಅಜ್ಜ ರಾಗ ಬಿಡದೆ ಅದನ್ನು ಗದರಿಸಿದರು.

ನಮಸ್ಕಾರ.